ಫೋಟೊದ ಮೂಲೆಯ ಬೆರಳು: ಚಿಕ್ಕೋಡಿ ಸೀಮೆಯ ಹಿರಿಯರ ಛಾಯಾಗ್ರಹಣ ಮೀಮಾಂಸೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಪಂಚ ತಾಲೂಕುಗಳಲ್ಲಿ ಅರವತ್ತು ದಾಟಿದವರು ಮೊಬೈಲಿನಲ್ಲಿ ತೆಗೆದ ಫೋಟೊಗಳ ಮೂಲೆಯಲ್ಲಿ ಮಸುಕಾದ ಕಂದು ಗುಡ್ಡವೊಂದು ಕಾಣುವುದುಂಟು. ಯಡೂರು ವೀರಭದ್ರನ ಗುಡಿಯ ಮಗ್ಗುಲಲ್ಲೂ ಅದೇ, ಉಗಾರದ ಸಕ್ಕರೆ ಕಾರ್ಖಾನೆಯ ಚಿಮಣಿಯ ಪಕ್ಕದಲ್ಲೂ ಅದೇ. ಭೂಗೋಳ ಬಲ್ಲವರು ಗಾಬರಿಯಾಗಬೇಕಿಲ್ಲ. ಅದು ತೆಗೆದವರ ಬೆರಳು. ‘ಅಜ್ಜಾ, ಬಟ್ಟು ಅಡ್ಡ ಬಂದೈತಿ’ ಎಂದು ಮೊಮ್ಮಕ್ಕಳು ಅಂಥ ಫೋಟೊಗಳನ್ನು ಕೇಳದೆ ಅಳಿಸುತ್ತ ಬಂದಿದ್ದಾರೆ. ಅದು ದೋಷವಲ್ಲ, ರುಜು ಎಂಬುದು ಪ್ರಸ್ತುತ ಸಿದ್ಧಾಂತ. ಪ್ರಮಾಣ ಬೇಕೆನ್ನುವವರು 1908ರ ನೋಂದಣಿ ಕಾಯ್ದೆಗೆ 2001ರಲ್ಲಿ ಸೇರಿದ 32ಎ ಕಲಮನ್ನು ನೋಡಬಹುದು: ದಸ್ತಾವೇಜು ಹಾಜರುಪಡಿಸುವವರು ಅದಕ್ಕೆ ಫೋಟೊವನ್ನೂ ಹಚ್ಚಬೇಕು, ಬೆರಳಚ್ಚನ್ನೂ ಒತ್ತಬೇಕು. ಹೊಲ ಕೊಂಡು, ಮಾರಿ, ಮಕ್ಕಳಿಗೆ ವಾಟಣಿ ಮಾಡಿಕೊಟ್ಟ ಹಿರಿಯರಿಗೆ ಫೋಟೊ ಇದ್ದಲ್ಲಿ ಬೆರಳೂ ಇರತಕ್ಕದ್ದೆಂಬುದು ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಕಿನ ಮೇಲೆ ಕೂತು ಕಲಿತ ಪಾಠ.

ಪೂರ್ವಪಕ್ಷದವರು ಕೇಳುತ್ತಾರೆ: ಇವರು ಫೋಟೊ ತೆಗೆಯಲು ಇಷ್ಟು ಹೊತ್ತೇಕೆ, ಒಂದೇ ಎಮ್ಮೆಯ ಹನ್ನೆರಡು ಫೋಟೊ ಏಕೆ? ಮೊದಲನೆಯದಕ್ಕೆ ಉತ್ತರ ಸುಲಭ. 1975ರಲ್ಲಿ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಕಟ್ಟಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ನಿಧಾನ ಇಲ್ಲಿ ಯಂತ್ರದ ಮೂಲಧರ್ಮ. ಎರಡನೆಯದಕ್ಕೆ ಕಾರಣ ಚರ್ಮದಲ್ಲಿದೆ. ಮೊಬೈಲಿನ ಗಾಜು ಒತ್ತಡವನ್ನಲ್ಲ, ಬೆರಳಿನಿಂದ ತನ್ನ ವಿದ್ಯುತ್ತಿನಲ್ಲಾಗುವ ವ್ಯತ್ಯಾಸವನ್ನು ಅರಿಯುತ್ತದೆ. ಕಬ್ಬು ಕಡಿದು, ಅಥಣಿಯ ಚಪ್ಪಲಿ ಹೊಲಿದು ಜಡ್ಡುಗಟ್ಟಿದ ಒಣ ಬೆರಳನ್ನು ಅದು ಬೆರಳೆಂದೇ ಒಪ್ಪುವುದಿಲ್ಲ. ಸಿಟ್ಟಿಗೆದ್ದು ಒತ್ತಿ ಹಿಡಿದರೆ ಕೆಲವು ಫೋನುಗಳು ಪಟಪಟನೆ ಸಾಲುಸಾಲು ಫೋಟೊ ತೆಗೆದುಬಿಡುತ್ತವೆ. ಇದಕ್ಕೆ ಮೊಮ್ಮಕ್ಕಳ ಪಂಥದವರು ಹೇಳುವ ಪರಿಹಾರ ಹೀಗಿದೆ: ಎರಡೂ ಕೈಯಲ್ಲಿ ಅಂಚು ಹಿಡಿದು, ಮೊಣಕೈಗಳನ್ನು ಪಕ್ಕೆಗೆ ಆನಿಸಿ, ಸದ್ದು ಹೆಚ್ಚಿಸುವ ಬದಿಯ ಗುಂಡಿಯನ್ನು ಒಮ್ಮೆ ಒತ್ತುವುದು, ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಾದರೆ ಅದಕ್ಕೂ ಮೊದಲು ಲೆನ್ಸಿನ ಮೇಲಿನ ಭಂಡಾರವನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವುದು. ಬಹುಪಾಲು ಫೋನುಗಳಲ್ಲಿ ಇದು ಫಲಿಸುತ್ತದೆಂದು ಒಪ್ಪಲೇಬೇಕು, ಸಿದ್ಧಾಂತಕ್ಕೆ ಎಷ್ಟೇ ಅನನುಕೂಲವಾದರೂ.

ಗಟ್ಟಿ ಆಕ್ಷೇಪ ಬೇರೆಯೇ ಇದೆ. ಫೋನನ್ನು ಅಡ್ಡ ಹಿಡಿದಾಗ ಹೆಬ್ಬೆರಳು ಮುಂದಿನ ಗಾಜಿನ ಮೇಲಿರುತ್ತದೆ. ಬೆನ್ನಿನ ಮೂಲೆಯಲ್ಲಿರುವ ಲೆನ್ಸಿಗೆ ಅಡ್ಡ ಬರುವುದು ತೋರುಬೆರಳು. ಹೆಬ್ಬೆಟ್ಟಿನ ರುಜು ಎಲ್ಲಿ ಬಂತು? ಈ ಆಕ್ಷೇಪದಿಂದ ಸಿದ್ಧಾಂತ ಇನ್ನಷ್ಟು ಬಲಿಯುತ್ತದೆ. ಹೆಬ್ಬೆರಳು ಬರೆದುಕೊಡುವವರದು, ಹಿಂದಿನ ತೋರುಬೆರಳು ಸಾಕ್ಷಿದಾರರದು. ಜೊತೆಗೆ ನಡುಬೆರಳೂ ಇಣುಕಿದರೆ ಸಾಕ್ಷಿ ಇಬ್ಬರಾದರು. ಸ್ಥಿರಾಸ್ತಿಯ ದಾನಪತ್ರಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ ಕೇಳುವುದು ಕನಿಷ್ಠ ಇಷ್ಟನ್ನೇ. ಎಮ್ಮೆ ಚರಾಸ್ತಿಯಲ್ಲವೇ ಎಂಬ ತಕರಾರಿಗೆ, ಫೋಟೊದಲ್ಲಿ ಅದು ಅಲುಗುವುದಿಲ್ಲವೆಂಬುದೇ ಸಮಾಧಾನ. ಒಂದು ಪೈಸೆ ಪಡೆಯದೆ ಮನೆಯ ವಾಟ್ಸ್ಯಾಪ್ ಗ್ರೂಪಿಗೆ ಕಳಿಸುವುದರಿಂದ ಅದು ದಾನವೆಂಬುದರಲ್ಲಿ ಸಂಶಯವಿಲ್ಲ. ದಾನಿ ಬದುಕಿರುವಾಗಲೇ ಪಡೆಯುವವರು ಸ್ವೀಕರಿಸಬೇಕೆಂಬ ಷರತ್ತೂ ಅದೇ ಕಾಯ್ದೆಯಲ್ಲಿದೆ. ಎರಡು ನೀಲಿ ಗೀಟು ಬಿದ್ದರೆ ಸ್ವೀಕಾರವಾಯಿತೆಂದು ತಿಳಿಯತಕ್ಕದ್ದು. ಗ್ರೂಪನ್ನು ಮ್ಯೂಟ್ ಮಾಡಿ ಪುಣೆಯಲ್ಲಿ ಕುಳಿತ ಮೊಮ್ಮಗನ ವಿಷಯದಲ್ಲಿ ಮಾತ್ರ ಕಾಯ್ದೆ ಏನನ್ನೂ ಹೇಳುವುದಿಲ್ಲ.