ಮೊದಲು ಕೇಳಿದವನು ನಾನು

ರಘು ದೀಕ್ಷಿತ್ ಅವರ ಬ್ಯಾಂಡನ್ನು ಅರಸೀಕೆರೆಯಲ್ಲಿ ಮೊದಲು ಕೇಳಿದವನು ನಾನು. ಇದಕ್ಕೆ ಸಾಕ್ಷಿಯಿಲ್ಲ, ದಾಖಲೆಯೂ ಇಲ್ಲ. ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡವನಿಗೆ ದಾಖಲೆಯಿಲ್ಲದ ಮಾತಿನ ಗತಿ ಏನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಮೂರು ತಲೆಮಾರು ಉತ್ತು ಬಿತ್ತಿದರೂ ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಜಮೀನು ಪಕ್ಕದವನದು. ಆದರೂ ಹೇಳುತ್ತೇನೆ, ಮೊದಲು ಕೇಳಿದವನು ನಾನೇ.

‘ರಘು ದೀಕ್ಷಿತ್ ಪ್ರಾಜೆಕ್ಟ್’ನ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಸೋದರಮಾವನ ಮಗ ಹಬ್ಬಕ್ಕೆ ಬಂದವನು ಸಿ.ಡಿ. ತಂದಿದ್ದ. ಅಂಗಡಿಯ ಕಂಪ್ಯೂಟರಿಗೆ ಹಾಕಿ ಕೇಳಿದೆ. ಆವತ್ತು ಮಾರ್ಕ್ಸ್‌ಕಾರ್ಡು ಜೆರಾಕ್ಸಿಗೆ ಬಂದವರೆಲ್ಲ ಕೇಳಲೇಬೇಕಾಯಿತು. ಕೇಳಿದ್ದಷ್ಟೇ ಅಲ್ಲ, ಚರಿತ್ರೆಯನ್ನೂ ಕೇಳಿಸಿಕೊಳ್ಳಬೇಕಾಯಿತು. ಮೈಸೂರಿನ ಹುಡುಗ, ಭರತನಾಟ್ಯ ಕಲಿತವನು, ಕಾಲೇಜಿನಲ್ಲಿ ಯಾರ ಮೇಲೋ ಪಂತ ಕಟ್ಟಿ ಗಿಟಾರ್ ಹಿಡಿದ. ಬೆಲ್ಜಿಯಂನಲ್ಲಿ ಒಳ್ಳೆಯ ಕೆಲಸ, ಅದನ್ನೂ ಬಿಟ್ಟು ಬಂದ. ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ಬೇಸತ್ತಿದ್ದವನ ಹಾಡನ್ನು ಮುಂಬೈಯಲ್ಲಿ ವಿಶಾಲ್–ಶೇಖರ್ ಜೋಡಿ ಕೇಳಿ ಆಲ್ಬಂ ಹೊರತಂದರು. ಎಂ.ಎಸ್ಸಿ. ಮೈಕ್ರೊಬಯಾಲಜಿಯಲ್ಲಿ ಚಿನ್ನದ ಪದಕ ಬೇರೆ ಇದೆ ಎಂದು ನಾನು ಮುಗಿಸುತ್ತಿದ್ದಂತೆ, ಮಗನ ವರ್ಗಾವಣೆ ಪತ್ರ ಹಿಡಿದು ನಿಂತಿದ್ದ ಗೌಡರೊಬ್ಬರು ಮೊದಲ ಸಲ ಆಸಕ್ತಿ ತೋರಿಸಿದರು.

‘ಚಿನ್ನದ ಪದಕ ತಗೊಂಡು ಗಿಟಾರ್ ಹಿಡ್ಕಂಡ್ನಾ? ಮನೇಲಿ ಯಾರೂ ಏನೂ ಅನ್ಲಿಲ್ವಾ?’

ನನ್ನ ಏಕಸ್ವಾಮ್ಯ ಬಹಳ ದಿನ ಬಾಳಲಿಲ್ಲ. ಅದೇ ವರ್ಷದ ‘ಸೈಕೋ’ ಎಂಬ ಸಿನಿಮಾಕ್ಕೆ ರಘು ದೀಕ್ಷಿತ್ ಸಂಗೀತ ಕೊಟ್ಟರು. ಮಾದೇಶ್ವರನ ಹಾಡು ಹೊರಬಿತ್ತು. ಆಮೇಲೆ ಕೇಳಬೇಕೆ! ಆಟೋದಲ್ಲಿ ಅದೇ, ಖಾಸಗಿ ಬಸ್ಸಿನಲ್ಲಿ ಅದೇ, ಕೊಬ್ಬರಿ ತುಂಬಿಕೊಂಡು ತಿಪಟೂರಿಗೆ ಹೊರಟ ಲಾರಿಯಲ್ಲೂ ಅದೇ. ನಮ್ಮೂರಿನಲ್ಲಿ ಗಣಪತಿ ಹಬ್ಬ ಒಂದು ದಿನದ ವ್ಯವಹಾರವಲ್ಲ, ಪೆಂಡಾಲಿನಲ್ಲಿ ವಾರಗಟ್ಟಲೆ ಕಾರ್ಯಕ್ರಮ ನಡೆಯುತ್ತದೆ. ಒಂದು ರಾತ್ರಿ ಆರ್ಕೆಸ್ಟ್ರಾದ ಗಾಯಕನೊಬ್ಬ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿಕೊಂಡು ‘ಜೂನಿಯರ್ ರಘು ದೀಕ್ಷಿತ್’ ಎಂಬ ಬಿರುದಿನೊಂದಿಗೆ ವೇದಿಕೆಗೆ ಹಾರಿದ. ಒನ್ಸ್ ಮೋರ್ ಮೇಲೆ ಒನ್ಸ್ ಮೋರ್. ನನ್ನ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದವರು ‘ಈ ಹಾಡು ಗೊತ್ತಾ ನಿಂಗೆ? ಹೊಸಾದು’ ಎಂದು ನನಗೇ ಹೇಳಿದರು. ಜಮೀನು ಖಾತೆ ಬದಲಾಗುವಾಗ ತಕರಾರು ಸಲ್ಲಿಸಲು ಕನಿಷ್ಠ ಒಂದು ನೋಟಿಸ್ಸಾದರೂ ಅಂಟಿಸುತ್ತಾರೆ. ಇಲ್ಲಿ ಅದೂ ಇರಲಿಲ್ಲ.

ಆಗ ನಾನು ಮಾಡಿದ ಉಪಾಯವೇ ಸುದ್ದಿ. ಹಾಡು ಊರಿನ ಸ್ವತ್ತಾದರೆ ಆಗಲಿ, ಬ್ಯಾಂಡಿನ ಸುದ್ದಿ ನನ್ನದಾಗಿರಲಿ! ಎಲ್ಲಿ ಹಾಡಿದರು, ಎಷ್ಟು ಜನ ಸೇರಿದ್ದರು, ಪಿಟೀಲಿನವರು ಇದ್ದಾರಾ ಬಿಟ್ಟರಾ. ಪ್ರಾಜೆಕ್ಟ್ ಎಂಬ ಹೆಸರಿಗೆ ತಕ್ಕಂತೆ ಅದು ವಾದ್ಯಗಾರರು ಬಂದು ಹೋಗುವ ತೆರೆದ ಮನೆ. ಈಗಿನ ತಹಶೀಲ್ದಾರರು ಯಾರು ಎಂದರೆ ತಡವರಿಸುತ್ತಿದ್ದ ನಾನು, ಬೇಸ್ ಗಿಟಾರ್ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ.

ಆದರೆ ಸುದ್ದಿ ಅರಸೀಕೆರೆಗೆ ಬರುವುದು ಹೇಗೆ? ಪತ್ರಿಕೆಗಳ ಬೆಂಗಳೂರು ಪುರವಣಿ ಬೆಂಗಳೂರು ದಾಟುವುದಿಲ್ಲ. ನಮ್ಮ ಪಾಲಿಗೆ ಬರುವುದು ಹಾಸನ ಜಿಲ್ಲೆಯ ಪುಟ. ಅದರಲ್ಲಿ ಕಾಡಾನೆ ಇರುತ್ತದೆ, ಆಲೂಗಡ್ಡೆ ಇರುತ್ತದೆ, ಗಿಟಾರ್ ಇರುವುದಿಲ್ಲ. ಇದಕ್ಕೆ ಪರಿಹಾರ ಸಿಕ್ಕಿದ್ದು ಅಪ್ಪನಿಂದ. ಅಪ್ಪ ರೈಲ್ವೆಯಲ್ಲಿದ್ದು ನಿವೃತ್ತರಾದವರು. ಆದರೆ ಸ್ಟೇಷನ್ನಿನಿಂದ ಅವರಿಗೆ ನಿವೃತ್ತಿ ಇಲ್ಲ. ಸಂಜೆ ವಾಕಿಂಗ್ ಎಂದರೆ ಪ್ಲಾಟ್‌ಫಾರಂ ಮೇಲೇ. ಹುಬ್ಬಳ್ಳಿ ಕಡೆಯದು, ಮೈಸೂರು ಕಡೆಯದು, ಎಲ್ಲ ಗಾಡಿಗಳ ಆರೋಗ್ಯ ವಿಚಾರಿಸಿಕೊಂಡು ಬರಬೇಕು. ಬೆಂಗಳೂರಿನಿಂದ ಬಂದ ಗಾಡಿಗಳ ಸೀಟಿನ ಮೇಲೆ ಪ್ರಯಾಣಿಕರು ಬಿಟ್ಟುಹೋದ ಪುರವಣಿಗಳನ್ನು ಅಪ್ಪ ಹಳೇ ಸಹೋದ್ಯೋಗಿಗಳಿಂದ ಎತ್ತಿಸಿ ತರುತ್ತಿದ್ದರು. ನನಗೋಸ್ಕರ ಅಲ್ಲ, ಪದಬಂಧಕ್ಕೋಸ್ಕರ. ಅವರು ತುಂಬಿಸಿದ ಪದಬಂಧದ ಹಿಂಬದಿಯಲ್ಲಿ ನನ್ನ ಬ್ಯಾಂಡಿನ ಕಾರ್ಯಕ್ರಮದ ಪ್ರಕಟಣೆ ಇರುತ್ತಿತ್ತು. ‘ಇಂದು ಸಂಜೆ 8ಕ್ಕೆ’ ಎಂದು. ನಾನು ಓದುವಾಗ ಗಂಟೆ ಎಂಟೂಕಾಲು. ಇದಕ್ಕಿಂತಲೂ ತಡವಾದ ಮಾಧ್ಯಮವೊಂದಿತ್ತು: ಮೆಣಸಿನಕಾಯಿ ಬೋಂಡ ಕಟ್ಟಿಕೊಡುವ ಕಾಗದ. ಎಣ್ಣೆ ಹೀರಿ ಪಾರದರ್ಶಕವಾದ ಆ ಹಾಳೆಗಳಲ್ಲಿ, ಮುಗಿದು ತಿಂಗಳಾದ ಕಾರ್ಯಕ್ರಮಗಳನ್ನು ಎರಡೂ ಕಡೆಯಿಂದ ಒಟ್ಟಿಗೆ ಓದಬಹುದಿತ್ತು.

ಅಪ್ಪನ ಸಹಾಯ ಇಷ್ಟಕ್ಕೇ ನಿಂತಿತು. ನನ್ನ ಬ್ಯಾಂಡನ್ನು ಅವರು ಒಪ್ಪಲಿಲ್ಲ. ಕಾರಣ ಶಿಶುನಾಳ ಷರೀಫರು. ರಘು ದೀಕ್ಷಿತ್ ಹಾಡುವ ಕನ್ನಡ ಹಾಡುಗಳಲ್ಲಿ ಷರೀಫರವು ಮುಖ್ಯ. ಷರೀಫರ ವಿಷಯದಲ್ಲಿ ನಮ್ಮ ಜಿಲ್ಲೆಯ ಜನಕ್ಕೆ ತಮ್ಮದೇ ಒಂದು ಹಕ್ಕುಪತ್ರ ಇದೆ, ಅದರ ಹೆಸರು ಸಿ. ಅಶ್ವಥ್. ಅವರು ಚನ್ನರಾಯಪಟ್ಟಣದಲ್ಲಿ ಹುಟ್ಟಿದವರು. ಶಿಶುನಾಳ ಹಾವೇರಿ ಜಿಲ್ಲೆಯಲ್ಲಿದ್ದರೂ ಷರೀಫರನ್ನು ಕನ್ನಡಿಗರ ಮನೆಮನೆಗೆ ಕಳಿಸಿದ್ದು ಹಾಸನ ಜಿಲ್ಲೆ ಎಂಬುದು ಅಪ್ಪನ ಸಿದ್ಧಾಂತ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ಅವರ ‘ಕನ್ನಡವೇ ಸತ್ಯ’ ನಡೆದಾಗ ಅಪ್ಪ ರೈಲ್ವೆ ಪಾಸಿನಲ್ಲಿ ಹೋಗಿ, ಆ ಜನಜಾತ್ರೆಯಲ್ಲಿ ನಿಂತು ಕೇಳಿ, ರಾತ್ರಿ ಗಾಡಿಯಲ್ಲಿ ಮರಳಿದವರು.

ಹೀಗಾಗಿ ಗುಡುಗುಡಿಯ ಹಾಡನ್ನು ಎಲೆಕ್ಟ್ರಿಕ್ ಗಿಟಾರಿನ ಮೇಲೆ ಕೇಳಿಸಿದಾಗ ಅಪ್ಪ ಪೂರ್ತಿ ಕೇಳಿ, ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: ‘ಚೆನ್ನಾಗೇ ಹಾಡ್ತಾನೆ. ಆದ್ರೆ ಗುಡುಗುಡಿ ಅನ್ನೋದು ಕೂತು ಸೇದೋದು ಕಣಪ್ಪ. ಇವನು ಅದನ್ನ ಹಿಡ್ಕಂಡು ಓಡ್ತಾ ಇದಾನಲ್ಲ, ಕೆಂಡ ಬಿದ್ದೀತು.’

ನಾನು ವಾದಕ್ಕಿಳಿದೆ. 2010ರಲ್ಲಿ ಬಿ.ಬಿ.ಸಿ.ಯಲ್ಲಿ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಇವರು ಹಾಡಿದರು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋದರು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಶ್ರೇಷ್ಠ ಹೊಸಬರು ಎಂದು ಪ್ರಶಸ್ತಿ ಕೊಟ್ಟಿತು. 2012ರಲ್ಲಿ ರಾಣಿ ಎಲಿಜಬೆತ್‌ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ಸಂಭ್ರಮದಲ್ಲಿ ವಿಂಡ್ಸರ್‌ನಲ್ಲಿ ಹಾಡಿದರು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ! ‘ಲುಂಗಿ ಉಟ್ಕೊಂಡು ಹಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು?’ ಎಂದರು ಅಪ್ಪ, ತಮ್ಮ ಲುಂಗಿಯನ್ನು ಮೇಲೆ ಕಟ್ಟಿಕೊಳ್ಳುತ್ತಾ. ‘ಷರೀಫರನ್ನ ಈ ಮನೇಲಿ ಮೊದಲು ಕೇಳಿದವನು ನಾನು. ಕ್ಯಾಸೆಟ್ಟು ಇನ್ನೂ ಅಟ್ಟದ ಮೇಲಿದೆ.’

ಅಡುಗೆಮನೆಯಿಂದ ಅಜ್ಜಿಯ ದನಿ ಬಂತು. ‘ಕ್ಯಾಸೆಟ್ಟಂತೆ! ಬಾಣಾವರದಲ್ಲಿ ನಮ್ಮಪ್ಪನ ಮನೆ ಜಗಲಿ ಮೇಲೆ ಏಕತಾರಿಯೋರು ತತ್ವಪದ ಹೇಳ್ತಿದ್ರು. ಒಂದು ಸೇರು ರಾಗಿ ಕೊಟ್ರೆ ಬೆಳಗಿನ ಜಾವದ ತನಕ ಹೇಳೋರು.’

ಅಪ್ಪ ಮತ್ತೆ ಪದಬಂಧ ಕೈಗೆತ್ತಿಕೊಂಡರು.

ಕಾರ್ಯಕ್ರಮಕ್ಕೆ ಹೋಗುವುದು ಸುದ್ದಿ ಹಿಡಿಯುವುದಕ್ಕಿಂತ ಕಷ್ಟ. ಬೆಂಗಳೂರಿಗೆ ನೂರೈವತ್ತು ಕಿಲೋಮೀಟರಿನ ಮೇಲೆ. ಮಧ್ಯಾಹ್ನ ಅಂಗಡಿ ಮುಚ್ಚಬೇಕು, ಅಂದೇ ತಾಲ್ಲೂಕು ಕಚೇರಿಯಲ್ಲಿ ಅರ್ಜಿಗೆ ಕೊನೆಯ ದಿನವಾಗಿರುತ್ತದೆ. ಇಂದಿರಾನಗರದ ಪಬ್ಬಿನ ಬಾಗಿಲಲ್ಲಿ ನಿಂತ ಧಡೂತಿ ಮನುಷ್ಯ ನನ್ನ ಬ್ಯಾಗಿನಿಂದ ಅಮ್ಮ ಕಟ್ಟಿಕೊಟ್ಟ ಅಕ್ಕಿರೊಟ್ಟಿ, ಕಾಯಿಚಟ್ನಿಯ ಡಬ್ಬಿ ಹೊರತೆಗೆದು, ಅನುಮಾನದಿಂದ ಮೂಸಿ, ಹೊರಗಿನ ತಿಂಡಿಗೆ ಪ್ರವೇಶವಿಲ್ಲ ಎಂದ. ಒಳಗೆ ಒಂದು ಲೈಮ್ ಸೋಡಾ ಕೇಳಿದೆ. ಅದರ ಬೆಲೆಗೆ ನಮ್ಮಲ್ಲಿ ಎಳನೀರಿನ ಗೊನೆಯನ್ನೇ ಇಳಿಸಬಹುದಿತ್ತು. ಎಂಟು ಗಂಟೆ ಎಂದು ಟಿಕೆಟ್ಟಿನಲ್ಲಿ ಬರೆದದ್ದನ್ನು ನಂಬಿ ಎಂಟಕ್ಕೆ ಹೋದವನು ಆ ಸಭಾಂಗಣದಲ್ಲಿ ನಾನೊಬ್ಬನೇ. ನಾನು, ಮತ್ತೆ ಮೈಕಿನ ಮುಂದೆ ‘ಚೆಕ್ ಚೆಕ್’ ಎನ್ನುತ್ತಿದ್ದ ಹುಡುಗ. ಅವನ ಒಂಟಿತನ ನೋಡಲಾರದೆ ಚಪ್ಪಾಳೆ ತಟ್ಟಿದೆ.

ಕಾರ್ಯಕ್ರಮ ಶುರುವಾದಾಗ ಒಂಬತ್ತೂವರೆ. ಆದರೆ ಶುರುವಾದ ಮೇಲೆ ದೂರಲು ಏನೂ ಉಳಿಯಲಿಲ್ಲ. ರಘು ದೀಕ್ಷಿತ್ ಸಭಿಕರನ್ನು ಸುಮ್ಮನೆ ಕೂರಲು ಬಿಡುವುದಿಲ್ಲ. ಹಾಡಿಸುತ್ತಾರೆ, ಕುಣಿಸುತ್ತಾರೆ. ಕನ್ನಡದ ಗಂಧವಿಲ್ಲದ ಹುಡುಗ ಹುಡುಗಿಯರು ಷರೀಫರ ಸಾಲುಗಳನ್ನು ಅರ್ಧಂಬರ್ಧ ಉಚ್ಚಾರದಲ್ಲಿ ಕೂಗಿಕೊಂಡು ಹಾರುತ್ತಿದ್ದರು. ನಾನೂ ಹಾರಿದೆ. ಪೆಂಡಾಲಿನಲ್ಲಿ ಚಾಪೆ ಮೇಲೆ ಕೂತು ಕೇಳಿ ರೂಢಿಯಾದ ಮೊಣಕಾಲು ಆಕ್ಷೇಪಿಸಿತು, ಆದರೂ ಹಾರಿದೆ. ಪಕ್ಕದಲ್ಲಿದ್ದ ಹುಡುಗನಿಗೆ, ನಾನು 2008ರಿಂದ ಕೇಳುತ್ತಿದ್ದೇನೆ ಎಂದು ಕಿವಿಯಲ್ಲಿ ಕೂಗಿ ಹೇಳಿದೆ. ಅವನು ‘ಅಂಕಲ್, ಮೈ ಡ್ಯಾಡ್ ಟೂ’ ಎಂದ.

ರಾತ್ರಿ ಗಾಡಿಯ ಕಷ್ಟ ಬೇರೆಯದು. ಹಾರಿ ಸುಸ್ತಾದ ಮೈ, ಅರಸೀಕೆರೆ ಬರುವುದು ನಡುರಾತ್ರಿ ಕಳೆದ ಮೇಲೆ. ತಿಪಟೂರಿನಲ್ಲಿ ಎದ್ದು ಕೂರದಿದ್ದರೆ ಕಣ್ಣು ಬಿಡುವುದು ಕಡೂರಿನಲ್ಲೋ ಬೀರೂರಿನಲ್ಲೋ. ಅಪ್ಪ ಇದಕ್ಕೂ ವ್ಯವಸ್ಥೆ ಮಾಡಿದ್ದರು, ತಿಪಟೂರಿನ ಸರಿಯಾದ ಹೊತ್ತಿಗೆ ಫೋನ್ ಮಾಡುತ್ತಿದ್ದರು. ‘ಏಳೋ, ಷರೀಫ’ ಎನ್ನುವುದು ಅವರ ರೂಢಿ. ಗಾಡಿ ತಡವಾಗಿದ್ದರೆ ಎಷ್ಟು ನಿಮಿಷ, ಎಲ್ಲಿ ಕ್ರಾಸಿಂಗು ಎಂಬ ವಿವರಣೆಯೂ ಉಚಿತ.

ಬ್ಯಾಂಡಿನ ಸುದ್ದಿ ಬತ್ತಿದ ತಿಂಗಳುಗಳಲ್ಲಿ ತಮ್ಮನ ಬ್ಯಾಂಡು ಕೈಹಿಡಿಯುತ್ತಿತ್ತು. ರಘು ಅವರ ತಮ್ಮ ವಾಸು ದೀಕ್ಷಿತ್ ಅವರದು ‘ಸ್ವರಾತ್ಮ’. ವಾಸು ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ವೇದಿಕೆ ಮೇಲೆ ಬರುವುದುಂಟು. ಕಾವೇರಿಯ ದಾಹದ ಮೇಲೆ ಅವರೊಂದು ಹಾಡು ಮಾಡಿದ್ದಾರೆ, ಹಿಂದಿಯಲ್ಲಿ. ನೀರು ಕೇಳುವವರು ನಾವು, ಹಾಡು ಅರ್ಥವಾಗುವುದು ದೆಹಲಿಯವರಿಗೆ. ಒಂದು ಲೆಕ್ಕಕ್ಕೆ ಸರಿಯೇ, ಅರ್ಜಿ ಹೋಗುವುದೂ ಅಲ್ಲಿಗೇ ತಾನೆ. ಅಣ್ಣನ ಖಾತೆಯಲ್ಲಿ ನನ್ನ ಹೆಸರು ಹೋದರೆ ಹೋಗಲಿ, ತಮ್ಮನ ಖಾತೆಯಲ್ಲಾದರೂ ನಮೂದಾಗಲಿ ಎಂದು ಸ್ವರಾತ್ಮದ ಸುದ್ದಿಯನ್ನೂ ಹಿಂಬಾಲಿಸಿದೆ. ಅಲ್ಲೂ ಸೋದರಮಾವನ ಮಗ ನನಗಿಂತ ಮೊದಲಿದ್ದ.

ಇಂಥ ಕಾರ್ಯಕ್ರಮಗಳಲ್ಲಿ ಪರಿಚಯವಾದವರಿಗೆ ‘ಅರಸೀಕೆರೆ’ ಎಂದರೆ ಅರ್ಥವಾಗುವುದಿಲ್ಲ, ‘ಬೇಲೂರು–ಹಳೇಬೀಡಿನ ಹತ್ತಿರ’ ಎನ್ನಬೇಕು. ಎಂದರೆ ಮುಂದಿನ ಭಾನುವಾರ ಅವರು ಬಂದೇಬಿಡುತ್ತಾರೆ. ನಾನು ಮೊದಲು ನಮ್ಮೂರಿನ ಶಿವಾಲಯಕ್ಕೆ ಕರೆದುಕೊಂಡು ಹೋಗುತ್ತೇನೆ. 1220ರ ಹೊಯ್ಸಳ ಗುಡಿ, ನಕ್ಷತ್ರದಾಕಾರದ ಮಂಟಪ, ಹದಿನಾರು ಮೂಲೆ. ತಳ್ಳಾಟವಿಲ್ಲ, ಟಿಕೆಟ್ಟಿಲ್ಲ. ನನ್ನ ರುಚಿಯೇ ಅಂಥದ್ದು, ಹೆಚ್ಚು ಜನಕ್ಕೆ ಗೊತ್ತಿಲ್ಲದ್ದೇ ನನಗೆ ಪ್ರೀತಿ. ಅವರು ಎರಡು ಫೋಟೊ ಹೊಡೆದು ‘ಬೇಲೂರು ಎಷ್ಟು ದೂರ?’ ಎನ್ನುತ್ತಾರೆ.

ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಹೋಗುವ ದಾರಿಯಲ್ಲಿ ನಾನು ನನ್ನ ಇನ್ನೊಂದು ಸಿದ್ಧಾಂತವನ್ನು ಮಂಡಿಸುತ್ತೇನೆ. ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ದೊರೆ ವಿಷ್ಣುವರ್ಧನನೇ ಕಟ್ಟಿಸಿದ್ದು. ಅಂದರೆ ಹಣಕ್ಕೆ ಚಿಂತೆಯಿಲ್ಲದ ದೊಡ್ಡ ಕಂಪನಿಯ ಆಲ್ಬಂ. ಹಳೇಬೀಡಿನ ಹೊಯ್ಸಳೇಶ್ವರ ಹಾಗಲ್ಲ. ಕೇತಮಲ್ಲನೆಂಬ ಅಧಿಕಾರಿ, ದೋರಸಮುದ್ರದ ಸಿರಿವಂತ ಶಿವಭಕ್ತರು ಹಣ ಹಾಕಿ ಎತ್ತಿಸಿದ್ದು. ಅಂದರೆ ಕಂಪನಿಯ ಹಂಗಿಲ್ಲದ ಸ್ವತಂತ್ರ ಬ್ಯಾಂಡು. ಅದಕ್ಕೇ ನೋಡಿ, ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ, ಶಿಖರವೂ ಇಲ್ಲ. ಆದರೆ ಗೋಡೆ ಮೇಲಿನ ಕೆಲಸ ನೋಡಿದವರು ಶಿಖರ ಎಲ್ಲಿ ಎಂದು ಕೇಳಲು ಮರೆಯುತ್ತಾರೆ. ಕುಣಿಯುವವರ ಪಕ್ಕದಲ್ಲಿ ಮದ್ದಳೆಯವರನ್ನು ನೋಡಿ. ಕತ್ತು ಓರೆ ಮಾಡಿ, ಕಣ್ಣು ಅರೆಮುಚ್ಚಿ, ತಮ್ಮ ಪಾಡಿಗೆ ತಾವು. ಎಲ್ಲ ಬ್ಯಾಂಡಿನಲ್ಲೂ ಹಿಂದೆ ನಿಲ್ಲುವವನ ಮುಖ ಇದೇ.

ಹೊಯ್ಸಳ ಶಿಲ್ಪಿಗಳ ಇನ್ನೊಂದು ಗುಣ ನನಗೆ ಹಿಡಿಸುತ್ತದೆ. ಅವರು ಹೆಸರು ಕೆತ್ತಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬೇಲೂರಿನಲ್ಲಿ ತಮ್ಮ ಮೂರ್ತಿಗಳ ಕೆಳಗೆ ಹೆಸರು ಬರೆದು, ಎದುರಾಳಿ ಶಿಲ್ಪಿಗಳನ್ನು ಕೆಣಕುವಂಥ ಬಿರುದುಗಳನ್ನೂ ಹಾಕಿಕೊಂಡಿದ್ದಾರೆ. ದಾಖಲೆ ಎಂದರೆ ಇದು. ಕೆತ್ತಿದವರ ಹೆಸರು ಉಳಿಯಿತು. ಇವರ ಕೆಲಸವನ್ನು ಮೊದಲು ಮೆಚ್ಚಿಕೊಂಡವನು, ಊರಿಗೆಲ್ಲ ಹೇಳಿಕೊಂಡು ತಿರುಗಿದವನು ಒಬ್ಬ ಇದ್ದೇ ಇರಬೇಕಲ್ಲ, ಅವನ ಹೆಸರಿಗೆ ಕಲ್ಲಿನಲ್ಲಿ ಒಂದು ಗೇಣು ಜಾಗ ಬಿಡಲಿಲ್ಲ.

ಬೇಲೂರಿನ ಗೈಡು ನನ್ನನ್ನು ಪೂರ್ತಿ ಸೋಲಿಸಿದ. ಹಲಸಿನ ಹಣ್ಣಿನ ಮೇಲಿನ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ, ಎಲ್ಲ ಮುಗಿಸಿದ ಮೇಲೆ ನಮ್ಮವರ ಬೆನ್ನ ಮೇಲಿದ್ದ ಗಿಟಾರ್ ಚೀಲ ನೋಡಿ, ಕೋಲನ್ನು ಮೇಲೆತ್ತಿ ವಾದ್ಯ ಹಿಡಿದ ಮದನಿಕೆಯೊಬ್ಬಳನ್ನು ತೋರಿಸಿ, ‘ರಾಕ್ ಬ್ಯಾಂಡು, ಸಾರ್! ಒಂಬೈನೂರು ವರ್ಷದ ಹಿಂದೆ. ವರ್ಲ್ಡ್ ಫಸ್ಟ್’ ಎಂದ. ಬೆಂಗಳೂರಿನವರು ಅವನಿಗೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟರು. ಜಾವಗಲ್ಲಿನಿಂದ ಇದೇ ಮಾತನ್ನು ಹೇಳಿಕೊಂಡು ಬಂದ ನನಗೆ ಕಾಫಿಯೂ ಇಲ್ಲ.

ಈಗ ಸುದ್ದಿಗೆ ಬರವಿಲ್ಲ. ಫೋನು ದಿನಾ ತಾನಾಗೇ ಕಿರುಗುಟ್ಟಿ, ‘ನಿಮ್ಮ ಸಮೀಪದ ಕಾರ್ಯಕ್ರಮ’ ಎಂದು ವೈಟ್‌ಫೀಲ್ಡಿನದನ್ನು ತೋರಿಸುತ್ತದೆ. ನನ್ನ ಹುಚ್ಚು ಊರಿಗೆಲ್ಲ ಗೊತ್ತಾಗಿರುವುದರಿಂದ, ಮೊನ್ನೆ ನಮ್ಮ ಬೀದಿಯ ಗಣಪತಿ ಕಮಿಟಿಯವರು ಅಂಗಡಿಗೇ ಬಂದರು.

‘ಈ ಸಲ ನಿಮ್ಮ ಬ್ಯಾಂಡ್‌ನೋರನ್ನೇ ಕರ್ಸಣ ಅಂತ. ನಿಮಗೆ ಪರಿಚಯ ಅಲ್ವಾ?’

ಪರಿಚಯ ಒಂದು ಕಡೆಯದು ಎಂದು ಹೇಳಲು ಬಾಯಿ ಬರಲಿಲ್ಲ. ‘ಪ್ರಯತ್ನ ಮಾಡಣ’ ಎಂದೆ. ಅಧ್ಯಕ್ಷರು ಕುರ್ಚಿ ಎಳೆದುಕೊಂಡರು.

‘ಎಷ್ಟು ಜನ ಬರ್ತಾರೆ?’

‘ಐದಾರು ಜನ.’

‘ಲೇಡಿ ಸಿಂಗರ್ರು?’

‘ಇಲ್ಲ.’

‘ಇಲ್ವಾ? ಡ್ಯೂಯೆಟ್ಟು ಯಾರು ಹೇಳ್ತಾರೆ? ಹೋಗ್ಲಿ, ಹಾಸನದಿಂದ ಒಬ್ರನ್ನ ನಾವೇ ಕರ್ಸಣ. ರಾಜ್‌ಕುಮಾರ್‌ದು ಎರಡು, ವಿಷ್ಣುದು ಎರಡು ಕಂಪಲ್ಸರಿ ಅಂತ ಹೇಳ್ಬಿಡಿ. ಮಧ್ಯೆ ದಾನಿಗಳ ಸನ್ಮಾನ ಅರ್ಧ ಗಂಟೆ, ಅಷ್ಟೊತ್ತು ಅವರು ಸ್ಟೇಜ್ ಮೇಲೇ ಕೂತಿರ್ಬೇಕು. ಲಂಡನ್ನಿಂದ ಬರೋ ಖರ್ಚು ನಾವು ಕೊಡಲ್ಲ.’

‘ಅವರು ಲಂಡನ್ನಿನವರಲ್ಲ, ಮೈಸೂರಿನವರು.’

‘ಹಂಗಾದ್ರೆ ಬಸ್ ಚಾರ್ಜು ಕೊಡ್ತೀವಿ’ ಎಂದು ಖಜಾಂಚಿ ಪುಸ್ತಕದಲ್ಲಿ ಬರೆದುಕೊಂಡ. ಅಧ್ಯಕ್ಷರು ಏಳುವಾಗ ಜೆರಾಕ್ಸ್ ಯಂತ್ರವನ್ನೊಮ್ಮೆ ಪ್ರೀತಿಯಿಂದ ಸವರಿದರು. ‘ಅವರು ಒಪ್ಪಿದ್ರೂ ಒಪ್ಪದಿದ್ರೂ ಕರಪತ್ರ ಅಂತೂ ಬೇಕು. ಎರಡು ಸಾವಿರ ಪ್ರತಿ. ಒಂದಕ್ಕೆ ಎಷ್ಟು ಹಾಕ್ತೀಯಪ್ಪಾ?’

‘ಒಂದು ರೂಪಾಯಿ.’

‘ನಿನ್ನದೇ ಬ್ಯಾಂಡು, ನೀನೇ ಹಿಂಗಂದ್ರೆ ಹೆಂಗೆ? ಐವತ್ತು ಪೈಸೆ ಮಾಡ್ಕೊ.’