ದೋಸೆ ತರಂಗ

ಸ್ಯಾಂಪ್ಲರ್ ಎಂಬುದು ಸ್ವಂತ ಕಂಠವಿಲ್ಲದ ವಾದ್ಯ. ನಾವು ಉಣಿಸಿದ ಸದ್ದನ್ನೇ ಸೆಕೆಂಡಿಗೆ 44,100 ಸಲ ಅಳೆದು, ಅಂಕಿಗಳಾಗಿ ನುಂಗಿ, ಕೀಬೋರ್ಡಿನ ಮನೆಮನೆಗೂ ಹಂಚುತ್ತದೆ. ಒಂದು ಸ್ಥಾಯಿ ಮೇಲೇರಿದರೆ ಎರಡರಷ್ಟು ವೇಗ, ಕೆಳಗಿಳಿದರೆ ಅರ್ಧ. ಇಷ್ಟು ತಿಳಿದ ಮೇಲೆ ನನ್ನಂಥವನು ಸುಮ್ಮನಿರುವುದುಂಟೆ? ಶ್ರೀನಿವಾಸಪುರದ ನಮ್ಮನೆ ಕುಕ್ಕರಿನ ಸೀಟಿ ಮೋಹನ ರಾಗ ಹಾಡಿತು. ಮಾಲೂರು ಹೆಂಚು ಜಲತರಂಗವಾಯಿತು. ತೋಟದಲ್ಲಿ ಉದುರಿದ ಮಾವಿನಕಾಯಿ ಬೇಸ್ ಡ್ರಮ್ಮಾಯಿತು.

ಉಳಿದದ್ದು ಮುಳಬಾಗಿಲು ದೋಸೆ.

ಗಿರಾಕಿ ಕಡಿಮೆಯಿದ್ದ ಹೊತ್ತು ನೋಡಿ ಹೋಟೆಲಿನ ಹಂಚಿನ ಮುಂದೆ ಮೈಕು ಹಿಡಿದೆ. ಒಂದೇ ಚುಂಯ್ ಸಾಲದು. ಕೀಬೋರ್ಡಿನ ಮನೆಯನ್ನು ಮೆಲ್ಲಗೆ ಒತ್ತಿದರೆ ಮೆಲುದನಿ, ಗುದ್ದಿದರೆ ಗಟ್ಟಿದನಿ ಬರಬೇಕಾದರೆ ಎರಡನ್ನೂ ಬೇರೆಬೇರೆ ಹಿಡಿಯಬೇಕು.

"ಮಾಸ್ಟ್ರೇ, ಮೊದಲು ಮೆಲ್ಲಗೆ ಹುಯ್ಯಿರಿ."

"ದೋಸೇನ ಮೆಲ್ಲಗೆ ಹುಯ್ಯೋದು ಹೆಂಗೆ ಸಾರ್?"

"ಕೋಪ ಇಲ್ಲದೆ."

ಹುಯ್ದರು. ಫ್ಯಾನು ನಿಲ್ಲಿಸಿದೆ. ಮೂಲೆಯಲ್ಲಿದ್ದ ಅಜ್ಜ ಕಾಫಿಯನ್ನು ಸೊರ್ರೆಂದು ಹೀರಿದರು, ಕೈಮುಗಿದೆ. ಪಾಪ, ಲೋಟ ತುಟಿಗಿಟ್ಟುಕೊಂಡೇ ಕೂತರು.

"ಈಗ ಕೋಪದಿಂದ."

ಮಾಸ್ಟ್ರು ನನ್ನ ಮುಖ ನೋಡಿದರು. ಕೋಪ ತಾನಾಗಿಯೇ ಬಂತು. ಹಂಚು ಸಿಡಿಯಿತು. ಅದ್ಭುತ! ಅಷ್ಟರಲ್ಲೇ ಹೊರಗೆ ಲಾರಿಯೊಂದು ಹಾರ್ನ್ ಹೊಡೆಯಬೇಕೆ? "ಇನ್ನೊಂದು" ಎಂದೆ. ಅಜ್ಜನ ಕಾಫಿ ಆರಿತು. ಹುಯ್ದ ದೋಸೆಗಳೆಲ್ಲ ನನ್ನ ತಟ್ಟೆಗೇ ಬಿದ್ದವು, ಬಿಲ್ಲೂ. ರಾತ್ರಿ ನುಡಿಸಿದರೆ ಕೀಬೋರ್ಡಿನ ಮೇಲಿನ ಮನೆಗಳಲ್ಲಿ ಹಾವು ಬುಸುಗುಟ್ಟಿತು, ಕೆಳಗಿನವುಗಳಲ್ಲಿ ಜಡಿಮಳೆ. "ರೀ, ಮಳೆ!" ಎಂದು ನನ್ನವಳು ಬಟ್ಟೆ ತರಲು ಮಹಡಿಗೆ ಓಡಿದಳು. ಕಲಾವಿದನಿಗೆ ಇನ್ನೇನು ಬೇಕು?

ತಮಟೆಯ ಸದ್ದನ್ನೂ ಹಿಡಿದಿಟ್ಟಿದ್ದೆ, ಅದರದು ಬೇರೆ ಕಥೆ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ, ಬಿಗಿ ಬಂದ ಮೇಲೆ ಬಾರಿಸುತ್ತಾರೆ. ಆರಿದರೆ ದನಿ ಇಳಿಯುತ್ತದೆ, ಮತ್ತೆ ಕಾಯಿಸಬೇಕು. ನನ್ನ ಪೆಟ್ಟಿಗೆಯಲ್ಲಿ ಅದು ಆರುವುದೇ ಇಲ್ಲ. ಸುದ್ದಿ ತಿಳಿದು ಗಣೇಶನ ಕಮಿಟಿ ಹುಡುಗರು ಬಂದರು. "ಅಣ್ಣಾ, ತಮಟೆಯವರಿಗೆ ಯಾಕೆ ಸುಮ್ನೆ ದುಡ್ಡು? ನಿಮ್ಮದನ್ನೇ ಪೆನ್‌ಡ್ರೈವ್‌ಗೆ ಹಾಕ್ಕೊಡಿ."

ಮೈ ಉರಿಯಿತು. ಅವಿಭಜಿತ ಕೋಲಾರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ ಇದೇ ತಮಟೆಯಿಂದ 2023ರಲ್ಲಿ ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿ ಮೆರೆದವರು ಇವರೇ. ಚಪ್ಪಾಳೆಗೆ ಮನುಷ್ಯ, ಕೂಲಿ ಕೊಡುವ ಹೊತ್ತಿಗೆ ಮಿಷನ್ನು!

"ಆಗಲಪ್ಪ" ಎಂದು ಪೆನ್‌ಡ್ರೈವ್ ತುಂಬಿಸಿ ಕೊಟ್ಟೆ. ವಿಸರ್ಜನೆಯ ದಿನ ಗಣಪನ ಮುಂದೆ, ಆಳೆತ್ತರದ ಸ್ಪೀಕರುಗಳಲ್ಲಿ, ಒಂದೇ ಸಮನೆ ದೋಸೆ ಹುಯ್ಯುವ ಸದ್ದು. ತಮಟೆಯವರಿಗೆ ಫೋನ್ ಹೋಯಿತು. ಹೊತ್ತಲ್ಲದ ಹೊತ್ತಿಗೆ ಕರೆದದ್ದಕ್ಕೆ ಅವರು ದುಪ್ಪಟ್ಟು ಕೇಳಿದರಂತೆ. ಕೇಳಲಿ ಬಿಡಿ.