ಪಟ್ಟಣದ ಭಾವ

ಶ್ರೀರಂಗಪಟ್ಟಣದಲ್ಲಿ ಹುಟ್ಟಿ, ಅಲ್ಲೇ ಮನೆ ಮಾಡಿಕೊಂಡು, ಕವಲಂದೆ ಕಡೆಯಿಂದ ಹೆಣ್ಣು ತಂದ ಗಂಡಸಿಗೆ ಹೆಂಡತಿಯ ತವರಿನಲ್ಲಿ ಪಟ್ಟಣದ ಭಾವ ಎಂದು ಹೆಸರು. ಪಟ್ಟಣವೆಂದರೆ ದ್ವೀಪ. ಕಾವೇರಿ ಊರಿನ ಪಶ್ಚಿಮಕ್ಕೆ ಎರಡಾಗಿ ಒಡೆದು, ಕೋಟೆ, ರಂಗನಾಥನ ಗುಡಿ, ದರಿಯಾ ದೌಲತ್, ಗಂಜಾಂ, ಗುಂಬಜ್ ಎಲ್ಲವನ್ನೂ ಬಳಸಿಕೊಂಡು, ಪೂರ್ವಕ್ಕೆ ಸಂಗಮದಲ್ಲಿ ಮತ್ತೆ ಕೂಡುತ್ತಾಳೆ. ನಂಜನಗೂಡು ತಾಲ್ಲೂಕಿನ ಕವಲಂದೆಗೆ ಅಂಥ ಭಾಗ್ಯವಿಲ್ಲ. ಕಪಿಲೆ ನಂಜನಗೂಡಿನವರೆಗೆ ಬಂದು, ನಂಜುಂಡೇಶ್ವರನಿಗೆ ಕೈಮುಗಿದು, ನರಸೀಪುರದ ದಾರಿ ಹಿಡಿಯುತ್ತಾಳೆ. ಚಾಮರಾಜನಗರದ ಕಡೆ ಹೊರಳುವ ಮನಸ್ಸು ಅವಳಿಗೆ ಈವರೆಗೆ ಬಂದಿಲ್ಲ. ಕವಲಂದೆ ಸೀಮೆಯ ಬಹುಪಾಲು ರೈತರು ಮೋಡ ನೋಡುತ್ತಾರೆ, ಇಲ್ಲವೇ ಕೊಳವೆಬಾವಿಯ ಮೋಟರು ಗಾಳಿ ಉಗುಳುತ್ತಿದೆಯೋ ನೀರು ಉಗುಳುತ್ತಿದೆಯೋ ಎಂದು ಕಿವಿಗೊಡುತ್ತಾರೆ. ಎರಡು ಹೊಳೆಗಳ ಮಧ್ಯೆ ಬೆಳೆದ ಮನುಷ್ಯ ಇಂಥ ಊರಿನ ಅಳಿಯನಾದಾಗ ಏನೇನು ಆಗಬಹುದೋ ಅದೆಲ್ಲ ಪಟ್ಟಣದ ಭಾವನಲ್ಲಿ ಕಾಣುತ್ತದೆ.

ಗುರುತು ಹಿಡಿಯುವುದು ಸುಲಭ. ಚಾಮರಾಜನಗರದ ರೈಲಿನಿಂದ ಕವಲಂದೆಯಲ್ಲಿ ಇಳಿಯುವವರ ಪೈಕಿ ಒಂದು ಕೈಯಲ್ಲಿ ಹೂವು ಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ನೀರಿನ ಕ್ಯಾನು ಹಿಡಿದವರೇ ಇವರು. ಪ್ರಾಯ ಐವತ್ತರ ಮೇಲೆ. ಅದಕ್ಕಿಂತ ಎಳೆಯವರಲ್ಲಿ ಲಕ್ಷಣಗಳು ಪೂರ್ತಿ ಬಲಿತಿರುವುದಿಲ್ಲ. ಎಲ್ಲಿಗೆ ಹೊರಟರೂ ಸೇತುವೆ ದಾಟಿಯೇ ಹೋಗಬೇಕಾದ್ದರಿಂದ ಇವರ ಪಾಲಿಗೆ ಲೋಕದಲ್ಲಿ ಎರಡೇ ದಿಕ್ಕು, ಈಚೆ ಮತ್ತು ಆಚೆ. ಮೈಸೂರು ಆಚೆ. ಬೆಂಗಳೂರು ಆಚೆ. ಮಗಳಿರುವ ಅಮೆರಿಕವೂ ಆಚೆ. ಕವಲಂದೆ ತೀರಾ ಆಚೆ.

ಕ್ಯಾನಿನಲ್ಲಿರುವುದು ಕಾವೇರಿ ನೀರು. ಕವಲಂದೆಯ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂಬುದು ಭಾವನ ಸಿದ್ಧಾಂತ. ಸುಣ್ಣದ ಅಂಶ ಹೆಚ್ಚಿರುವ ಗಡಸು ನೀರಿನಲ್ಲಿ ಬೇಳೆ ತಡವಾಗಿ ಬೇಯುತ್ತದೆ, ಸಾಬೂನು ನೊರೆ ಕೊಡುವುದಿಲ್ಲ. ಆ ಮಟ್ಟಿಗೆ ಸಿದ್ಧಾಂತ ಸರಿ. ಆದರೆ ಸರಿಯಾದ ಮಾತನ್ನು ಅತ್ತೆಮನೆಯಲ್ಲಿ ಎಲೆ ಮುಂದೆ ಕೂತೇ ಹೇಳಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ. "ಈ ನೀರ್ನಲ್ಲೇ ಅಲ್ವಾ ಅಳಿಯಂದ್ರೆ ನಿಮ್ಮೆಂಡ್ತಿ ಬೆಳ್ದಿರೋದು" ಎಂದು ಅತ್ತೆ ಒಮ್ಮೆ ಕೇಳಿದರು. "ಅದ್ಕೇ ಅತ್ತೆ, ಅವ್ಳೂ ಬ್ಯಾಗ ಬೇಯಾಕಿಲ್ಲ" ಎಂದು ಭಾವ ಹೇಳಿದರು. ಆ ರಾತ್ರಿ ಭಾವನಿಗೆ ಅನ್ನ ಬಡಿಸಿದ್ದು ಭಾಮೈದ. ಇಷ್ಟಾದರೂ, ಭಾವ ತಂದು ನಿಲ್ಲಿಸಿದ ಕ್ಯಾನಿನ ನೀರು ಬೆಳಗಾಗುವುದರಲ್ಲಿ ನಾಲ್ಕು ಬೆರಳು ಇಳಿದಿರುತ್ತದೆ. ಅತ್ತೆಯ ಬೆಳಗಿನ ಕಾಫಿಗೂ ಇದಕ್ಕೂ ಸಂಬಂಧವಿದೆ ಎಂದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ.

ಕ್ಯಾನನ್ನು ಸಹಿಸಬಹುದು. ಸಹಿಸಲಾಗದ್ದು ಕಟ್ಟೆಯ ಲೆಕ್ಕ.

ಕಟ್ಟೆಯೆಂದರೆ ಕನ್ನಂಬಾಡಿ ಕಟ್ಟೆ, ಪತ್ರಿಕೆಗಳ ಬಾಯಲ್ಲಿ ಕೆಆರ್‌ಎಸ್. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭಕ್ಕೆ ಮುಗಿದ ಅಣೆಕಟ್ಟು. ಗರಿಷ್ಠ ಮಟ್ಟ 124.80 ಅಡಿ, ತುಂಬಿದಾಗ ಹಿಡಿಯುವ ನೀರು 49.452 ಟಿಎಂಸಿ. ಅಲ್ಲಿಂದ ಬಿಟ್ಟ ನೀರು ಮೊದಲು ಮುಟ್ಟುವ ಊರುಗಳಲ್ಲಿ ಪಟ್ಟಣವೂ ಒಂದು. ಹೊರಹರಿವು ಲಕ್ಷ ಕ್ಯೂಸೆಕ್ ದಾಟಿತೆಂದರೆ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ಪಶ್ಚಿಮವಾಹಿನಿಯ ಮಂಟಪಗಳಿಗೂ ನಿಮಿಷಾಂಬ ಗುಡಿಯ ಮೆಟ್ಟಿಲುಗಳಿಗೂ ನೀರು ಬರುತ್ತದೆ, ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಕಟ್ಟಿದ ವೆಲ್ಲೆಸ್ಲಿ ಸೇತುವೆಯ ಮೇಲೆ ಓಡಾಟ ಬಂದ್ ಆಗುತ್ತದೆ. ಆದ್ದರಿಂದ ಪಟ್ಟಣದವರು ಪತ್ರಿಕೆಯಲ್ಲಿ ಕಟ್ಟೆಯ ಮಟ್ಟ ನೋಡುವುದರಲ್ಲಿ ಅರ್ಥವಿದೆ. ಅದನ್ನು ಕವಲಂದೆಯ ಜಗಲಿಯಲ್ಲಿ ಕೂತು, ಬೆಳಗಿನ ಆರೂವರೆಗೆ, ಬೀದಿಗೆ ಕೇಳುವ ಹಾಗೆ ಓದುವುದರಲ್ಲಿ ಯಾವ ಅರ್ಥವೂ ಇಲ್ಲ.

ಓದುವುದಷ್ಟೇ ಆದರೂ ಬದುಕಬಹುದಿತ್ತು. ಭಾವ ಪ್ರಶ್ನೆ ಕೇಳುತ್ತಾರೆ. "ಒಳಹರಿವು ಮೂವತ್ತೆಂಟು ಸಾವ್ರ, ಹೊರಹರಿವು ಎರಡು ಸಾವ್ರ. ಏನಾಯ್ತು ಹೇಳು?" ಬಾಯಲ್ಲಿ ನಂಜನಗೂಡು ಹಲ್ಲುಪುಡಿಯ ನೊರೆ ತುಂಬಿಕೊಂಡ ಭಾಮೈದ ತುಂಬುತ್ತದೆ ಎಂದು ಕೈಸನ್ನೆ ಮಾಡುತ್ತಾನೆ. "ಎಷ್ಟ್ ದಿನಕ್ಕೆ?" ಇಲ್ಲಿಂದ ಪಾಠ ಶುರು. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಇಡೀ ದಿನ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಹಾಗಾದರೆ ಮೂವತ್ತಾರು ಸಾವಿರ ಉಳಿದರೆ ದಿನಕ್ಕೆ ಮೂರು ಟಿಎಂಸಿ ಚಿಲ್ಲರೆ. ಆ ಮನೆಯ ಹೈಸ್ಕೂಲು ಮಕ್ಕಳಿಗೆ ಹದಿನೇಳರ ಮಗ್ಗಿ ಬರುವುದಿಲ್ಲ. 11,574 ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರುತ್ತದೆ.

ಶ್ರಾವಣದ ಒಂದು ಭಾನುವಾರ ಆ ಮನೆಯ ಕಿರಿಯ ಹುಡುಗಿಯನ್ನು ನೋಡಲು ಸುತ್ತೂರು ಕಡೆಯಿಂದ ಗಂಡಿನವರು ಬಂದರು. ಕಟ್ಟೆಯ ಸುದ್ದಿ ಎತ್ತಕೂಡದೆಂದು ಭಾವನಿಗೆ ಹಿಂದಿನ ರಾತ್ರಿಯೇ ತಾಕೀತಾಗಿತ್ತು, ಭಾವ ತಲೆಯಾಡಿಸಿದ್ದರು. ಮಾತಿಗೊಂದು ಎಳೆ ಬೇಕಲ್ಲ ಎಂದು ಗಂಡಿನ ದೊಡ್ಡಪ್ಪನವರೇ, "ನಿಮ್ಕಡೆ ಮಳೆ ಹೆಂಗೆ?" ಎಂದರು. ಕೇಳಿದ್ದಕ್ಕೆ ಉತ್ತರ ಕೊಡದಿರುವುದು ಮರ್ಯಾದೆಯಲ್ಲ ಎಂದು ಭಾವ ಆಮೇಲೆ ವಾದಿಸಿದರು. "ಮಳೆ ಬುಡಿ ಸ್ವಾಮಿ, ಕಟ್ಟೆ ನೂರಿಪ್ಪತ್ನಾಕು ಮುಟ್ಟದೆ" ಎಂದು ಆಗ ಹೇಳಿದರು.

"ಅಷ್ಟೇನಾ?" ಎಂದರು ದೊಡ್ಡಪ್ಪ. "ನಮ್ ಕಬಿನಿ ಎರಡು ಸಾವ್ರದ ಇನ್ನೂರೆಂಬತ್ನಾಕು."

ಪತ್ರಿಕೆಗಳಲ್ಲಿ ಅಚ್ಚಾಗುವುದು ಹಾಗೆಯೇ. ಕಪಿಲೆಗೆ ಬೀಚನಹಳ್ಳಿಯಲ್ಲಿ ಕಟ್ಟಿದ ಕಬಿನಿ ಜಲಾಶಯದ ಗರಿಷ್ಠ ಮಟ್ಟ 2284 ಅಡಿ, ಏಕೆಂದರೆ ಅದನ್ನು ಸಮುದ್ರಮಟ್ಟದಿಂದ ಎಣಿಸುತ್ತಾರೆ. ಕನ್ನಂಬಾಡಿಯದನ್ನು ಹೊಳೆಯ ತಳದಿಂದ ಎಣಿಸುತ್ತಾರೆ. ನೀರಿನ ಲೆಕ್ಕಕ್ಕೆ ಬಂದರೆ ಕಬಿನಿ ಹಿಡಿಯುವುದು 19.52 ಟಿಎಂಸಿ, ಕಟ್ಟೆಯ ಅರ್ಧಕ್ಕೂ ಕಡಿಮೆ. ಇದನ್ನೆಲ್ಲ ಭಾವ ವಿವರಿಸಿದರು.

"ಸಮುದ್ರ ಎಲ್ಲಿಂದ ಬಂತು ಸ್ವಾಮಿ ಬೀಚನಳ್ಳಿಗೆ?"

"ಸಮುದ್ರ ಬರಾಕಿಲ್ಲ, ಲೆಕ್ಕ ಬತ್ತದೆ. ನಮ್ದೂ ಹಂಗೆ ಎಣ್ಸುದ್ರೆ ನಿಮ್ಗಿಂತ ಮ್ಯಾಲಾಯ್ತದೆ."

"ಎಣ್ಸಿ ಮತ್ತೆ. ಬ್ಯಾಡ ಅಂದೋರ್ಯಾರು?"

ಭಾವ ಪೆನ್ನು ಕೇಳಿದರು. ಕಾಗದ ಸಿಗದೆ, ಕೈಗೆ ಸಿಕ್ಕಿದ ಹುಡುಗಿಯ ಜಾತಕದ ಹಿಂಬದಿಯಲ್ಲೇ ಅಣೆಕಟ್ಟಿನ ಚಿತ್ರ ಬರೆದು, ಕೆಳಗೆ ಸಮುದ್ರವನ್ನು ಗೆರೆ ಎಳೆದು ತೋರಿಸಿದರು. ದೊಡ್ಡಪ್ಪ ಸೋಲುವ ಪೈಕಿಯಲ್ಲ. 2019ರ ಆಗಸ್ಟಿನಲ್ಲಿ ಕಪಿಲೆ ಉಕ್ಕಿ ಮಲ್ಲನಮೂಲೆ ಮಠದ ಹತ್ತಿರ ಮೈಸೂರು ರಸ್ತೆಯನ್ನೇ ಮುಚ್ಚಿದ್ದಳು, ನಿಮ್ಮ ಕಾವೇರಿ ಯಾವ ಹೆದ್ದಾರಿ ಮುಚ್ಚಿದ್ದಾಳೆ ಹೇಳಿ ಎಂದು ಸವಾಲು ಹಾಕಿದರು. ತಮ್ಮ ಊರು ಮುಳುಗಿದ್ದನ್ನು ಇಬ್ಬರು ಗಂಡಸರು ಪೈಪೋಟಿಯ ಮೇಲೆ ಹೇಳಿಕೊಳ್ಳುತ್ತಿದ್ದಾಗ ಹುಡುಗಿ ಕಾಫಿ ತಟ್ಟೆ ಹಿಡಿದು ನಿಂತೇ ಇದ್ದಳು. ಕೊನೆಗೆ ನರಸೀಪುರದ ಮದುವೆ ದಳ್ಳಾಳಿ ಎದ್ದು, "ನಿಮ್ದೂ ಅವ್ರ್ದೂ ಎರಡೂ ನೀರು ನಮ್ಮೂರಲ್ಲೇ ಕೂಡ್ಬೇಕು, ಸುಮ್ಕೆ ಕೂತ್ಕಳಿ" ಎಂದು ಇಬ್ಬರನ್ನೂ ಕೂರಿಸಿದ. ಅಷ್ಟರಲ್ಲಿ ಗಂಡು ಹುಡುಗಿಯ ಕೈಯಿಂದ ತಟ್ಟೆ ಇಸಿದುಕೊಂಡು ಎಲ್ಲರಿಗೂ ತಾನೇ ಕಾಫಿ ಕೊಟ್ಟು ಮುಗಿಸಿದ್ದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿದರು, ಸಂಬಂಧ ಅಲ್ಲೇ ಕುದುರಿತು. ತಾವು ಮಾತು ಬೆಳೆಸಿ ಹೊತ್ತು ಕಳೆದಿದ್ದರಿಂದಲೇ ಹುಡುಗನ ಗುಣ ಗೊತ್ತಾಯಿತೆಂದು ಭಾವ ಇಂದಿಗೂ ಹೇಳುತ್ತಾರೆ. ಭಾಮೈದನ ಬಳಿ ಇದಕ್ಕೆ ಉತ್ತರವಿಲ್ಲ. ಜಾತಕ ಪೆಟ್ಟಿಗೆಯಲ್ಲಿದೆ; ಅದರ ಬೆನ್ನಿನ ಮೇಲೆ ಕನ್ನಂಬಾಡಿ ಕಟ್ಟೆಯೂ ಇದೆ.

ಭಾವನ ಹವ್ಯಾಸಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಗಾಳ ಹಾಕುತ್ತಾರೆ, ಮೀನು ಸಿಗುವುದಿಲ್ಲ. ಅವರ ಅಪ್ಪ ರಾಗಿ ಹಿಟ್ಟಿನ ಉಂಡೆ ಕಟ್ಟಿ ಹಿಡಿದ ಮಹಶೀರ್ ಮಾತ್ರ ಪ್ರತಿ ಯುಗಾದಿಗೂ ಒಂದೆರಡು ಕೆಜಿ ಬೆಳೆಯುತ್ತದೆ. ರಂಗನತಿಟ್ಟಿನ ಹಕ್ಕಿಗಳ ಬಗ್ಗೆ ನೆಂಟರ ಬಗ್ಗೆ ಮಾತಾಡುವಂತೆ ಮಾತಾಡುತ್ತಾರೆ: ಯಾರು ಬಂದರು, ಯಾರು ಇನ್ನೂ ಬಂದಿಲ್ಲ, ಯಾರಿಗೆ ಮರಿಯಾಯಿತು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತೆಂಬುದನ್ನು, ಅಲಿಯವರು ತಮ್ಮ ಮನೆಯಲ್ಲಿ ಇಳಿದುಕೊಂಡಿದ್ದರೇನೋ ಎನ್ನುವ ಧಾಟಿಯಲ್ಲಿ ಹೇಳುತ್ತಾರೆ. ಹಿತ್ತಿಲಲ್ಲಿ ಸಿಕ್ಕಿದ, ಟಿಪ್ಪು ಕಾಲದ ಫಿರಂಗಿ ಗುಂಡೊಂದನ್ನು ಒಮ್ಮೆ ಕವಲಂದೆಗೆ ಹೊತ್ತು ತಂದಿದ್ದರು. ಅತ್ತೆ ಅದನ್ನು ತಿರುಗಿಸಿ ನೋಡಿ, ಒರಳಿನ ಗುಂಡೆಂದು ತೀರ್ಪು ಕೊಟ್ಟರು. ಈಗ ಅದು ಅಲ್ಲಿ ಬಾಗಿಲು ಬಡಿಯದಂತೆ ತಡೆಯುತ್ತದೆ.

ಕುಟುಂಬದ ನೆನಪುಗಳು ಇತಿಹಾಸದ ಪಕ್ಕದಲ್ಲೇ ನಡೆಯುತ್ತವೆ, ಒಳಗೆ ಕಾಲಿಡುವುದಿಲ್ಲ. 1610ರಲ್ಲಿ ರಾಜ ಒಡೆಯರು ಪಟ್ಟಣದಲ್ಲಿ ದಸರಾ ಆರಂಭಿಸಿದಾಗ ಭಾವನ ವಂಶದವರು ಸೊಪ್ಪು ಮಾರಲು ಹೋಗಿದ್ದರು. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದಿಂದ ಅವರ ಇನ್ನೊಬ್ಬ ಹಿರಿಯ ಸ್ವಲ್ಪ ಮುಂಚೆಯಷ್ಟೇ ಮೊಸರಿನ ಗಡಿಗೆಯೊಂದಿಗೆ ಹೊರಟಿದ್ದ. 1924ರ ಜುಲೈನ ಮಹಾಪ್ರವಾಹದಲ್ಲಿ ಅಜ್ಜಿ ಎಮ್ಮೆಯನ್ನು ಅಟ್ಟಕ್ಕೆ ಹತ್ತಿಸಿದ ಕಥೆ ಬಹಳ ದೊಡ್ಡದು; ಎಮ್ಮೆ ಹತ್ತುವುದಕ್ಕೇ ಮುಕ್ಕಾಲು ಗಂಟೆ ಬೇಕು, ಇಳಿಯುವುದು ಬೇರೆ ದಿನ. ಒಂದು ನೆನಪನ್ನು ಮಾತ್ರ ಭಾವ ಹಿಗ್ಗಿಸದೆ ಹೇಳುತ್ತಾರೆ. 1948ರಲ್ಲಿ ಗಾಂಧೀಜಿಯ ಚಿತಾಭಸ್ಮವನ್ನು ಪಶ್ಚಿಮವಾಹಿನಿಯಲ್ಲಿ ಬಿಟ್ಟಾಗ ಅವರ ಅಪ್ಪ ಹುಡುಗ. ಜನರ ಕಾಲುಗಳ ಮಧ್ಯೆ ಸಿಕ್ಕಿಕೊಂಡು ಏನೂ ಕಾಣಲಿಲ್ಲವಂತೆ. ಅಷ್ಟೇ ಕಥೆ. ಅಪ್ಪ ಅಷ್ಟೇ ಹೇಳಿದ್ದು, ಭಾವನೂ ಅಷ್ಟೇ ಹೇಳುವುದು.

ಇತಿಹಾಸದ ಪಕ್ಕದಲ್ಲಿ ಮನೆ ಇರುವುದರ ಕಷ್ಟವೂ ಇದೆ. ಸಂರಕ್ಷಿತ ಸ್ಮಾರಕದ ನೂರು ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಯ ಇನ್ನೂರು ಮೀಟರ್‌ನಲ್ಲಿ ಅನುಮತಿ ಬೇಕು. 2010ರ ತಿದ್ದುಪಡಿಯ ಮೇಲೆ ಕಾನೂನು ಇನ್ನೂ ಬಿಗಿಯಾಗಿದೆ. ಹೆಜ್ಜೆಗೊಂದು ಸ್ಮಾರಕವಿರುವ ಪಟ್ಟಣದಲ್ಲಿ ಇದರರ್ಥ, ಮಗನಿಗೆ ಮದುವೆಯಾದರೆ ಮೇಲೊಂದು ಕೋಣೆ ಎತ್ತುವಂತಿಲ್ಲ. ಹಾಗಾಗಿ ಮಗ ಹೊಳೆಯಾಚೆ, ಮೈಸೂರು ದಿಕ್ಕಿಗೆ, ನಿವೇಶನ ಕೊಂಡಿದ್ದಾನೆ. ಅಲ್ಲಿಗೆ ನಲ್ಲಿಯಲ್ಲಿ ಬರುವುದೂ ಕಾವೇರಿಯೇ ಎಂದು ಅವನ ಸಮಜಾಯಿಷಿ. ಈ ವಿಷಯ ಬಂದಾಗ ಭಾವ ಅಂಕಿಅಂಶ ಹೇಳುವುದಿಲ್ಲ, ವೀಳ್ಯದ ತಟ್ಟೆ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ.

ಬೇಸಿಗೆಯಲ್ಲೂ ಅಷ್ಟೇ. ಏಪ್ರಿಲ್ ಹೊತ್ತಿಗೆ ಪಟ್ಟಣದ ಹೊಳೆ ಬಂಡೆ ತೋರಿಸುತ್ತದೆ, ಮಡುವುಗಳಲ್ಲಿ ಜೊಂಡು ಕಟ್ಟುತ್ತದೆ, ಪಿಂಡ ಬಿಡಲು ಬಂದವರು ಎಸೆದು ಹೋದ ಬಟ್ಟೆಗಳು ಕಲ್ಲಿಗೆ ಸುತ್ತಿಕೊಂಡಿರುತ್ತವೆ. ಭಾವ ಆ ಬಗ್ಗೆ ಒಂದು ಮಾತೂ ಆಡುವುದಿಲ್ಲ. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. ಆ ವರ್ಷ ಗೌರಿ ಹಬ್ಬಕ್ಕೆ ಬಂದ ಭಾವ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಮದುವೆ ಜಾಹೀರಾತು ಓದಿದರು. ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದ ಭಾಮೈದನಿಗೆ ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ಅವನೇ ಬಾಯಿ ಮುಕ್ಕಳಿಸಿ ಬಂದು, "ಎಷ್ಟೈತೆ ಭಾವ ಇವತ್ತು?" ಎಂದು ಕೇಳಿದ. ಮರುವರ್ಷ ಜುಲೈನಲ್ಲಿ ಕಟ್ಟೆ ತುಂಬಿದ ದಿನ ಬೆಳಗಿನ ಐದೂಕಾಲಿಗೆ ಕವಲಂದೆಯ ಮನೆಯ ಫೋನು ಬಡಿದುಕೊಂಡಿತು. 2025ರಲ್ಲಿ ಜೂನ್ ತಿಂಗಳೊಳಗೇ ತುಂಬಿದಾಗ ಫೋನು ಐದಕ್ಕೇ ಬಂತು.

ಇನ್ನು ಇವರೊಡನೆ ನಡೆದುಕೊಳ್ಳುವ ಕ್ರಮ. ಪಟ್ಟಣದ ಭಾವ ಸಾಕಲು ಸುಲಭ. ಕಾಫಿ ಎರಡು ಹೊತ್ತು, ಜಗಲಿಯಲ್ಲಿ ಜಾಗ, ಪತ್ರಿಕೆ ಸಾಕು. ಬಾವಿ ಇರುವ ತೋಟದವರು ಮಕ್ಕಳನ್ನು ಇವರ ಜೊತೆ ಕಳಿಸಬಹುದು. ಸೊಂಟಕ್ಕೆ ಸೋರೆಬುರುಡೆ ಕಟ್ಟಿ ನಾಲ್ಕು ದಿನದಲ್ಲಿ ಈಜು ಕಲಿಸುತ್ತಾರೆ, ಗದರುವುದಿಲ್ಲ. ಕ್ಯಾನಿನ ನೀರನ್ನು ಒಂದು ಲೋಟವಾದರೂ ಅವರೆದುರಿಗೆ ಕುಡಿಯಬೇಕು. ಕಬಿನಿಯ ಮಟ್ಟ ಹೇಳುವವರು ಸಮುದ್ರದಿಂದ ಎಣಿಸಿದ್ದೆಂದು ಮೊದಲೇ ಒಪ್ಪಿಕೊಳ್ಳುವುದು ಕ್ಷೇಮ. ರೈಲಿಗೆ ಹೊರಟು ನಿಂತವರು ಮಾತ್ರ ಯಾವ ಕಾರಣಕ್ಕೂ ಎಮ್ಮೆಯ ಹೆಸರೆತ್ತಬಾರದು.